ಒಬ್ಬನದ್ದಲ್ಲದ ಹಾಡು

"ಹಳೆ ಹಾಡು ನಿಲ್ಲಿಸಿ ಮೇಡಂ. ಬೇಕಾದವರು ಮೊಬೈಲಿನಲ್ಲಿ ಕೇಳಿಕೊಳ್ಳುತ್ತಾರೆ" ಎಂದರು, ಉಡುಪಿಯ ನಮ್ಮ ಪುಟ್ಟ ರೇಡಿಯೊ ಕೇಂದ್ರವನ್ನು ಸುಧಾರಿಸಲು ಬಂದ ಸಲಹೆಗಾರರು. ಆ ಹಳೆ ಹಾಡಿನ ಕಾರ್ಯಕ್ರಮ ನಡೆಸುವವಳೇ ನಾನು. ಪಿತ್ತ ನೆತ್ತಿಗೇರಿತು. ಮರುದಿನ ಹಾಡು ಹಾಕುವ ಕೆಲಸ ಗೆಳತಿಗೆ ಒಪ್ಪಿಸಿ, ಅವರನ್ನು ಆದಿ ಉಡುಪಿಯ ಮಾರ್ಕೆಟ್ ಯಾರ್ಡಿಗೆ ಎಳೆದುಕೊಂಡು ಹೋದೆ.

ಈರುಳ್ಳಿ ಅಂಗಡಿಯ ಬ್ಯಾರಿ ಸಾಹುಕಾರರು ರೇಡಿಯೊ ಹಾಕಿಕೊಂಡು ಗೋಣಿ ತೂಗಿಸುತ್ತಿದ್ದರು. ಸಲಹೆಗಾರರು ಅವರಿಗೂ ಮೊಬೈಲಿನ ಪಾಠ ಶುರುಮಾಡಿದರು.

"ಮೊಬೈಲಿನ ಹಾಡು ನನ್ನೊಬ್ಬನದ್ದು ಮಾರಾಯ್ರೆ. ಇದು ಹಾಗಲ್ಲ. ಬನ್ನಿ, ಚಾ ಕುಡಿಯುವ" ಎಂದು ಸಾಹುಕಾರರು ಎದ್ದರು.

ಚಾದ ಅಂಗಡಿ ಸಾಲಿನ ಆ ತುದಿಯಲ್ಲಿ ಉಂಟು. ದಾರಿಯುದ್ದಕ್ಕೂ ಎಲ್ಲ ಅಂಗಡಿಗಳಲ್ಲಿ ನಮ್ಮದೇ ಕೇಂದ್ರ. ಈರುಳ್ಳಿಯ ಹತ್ತಿರ ಶುರುವಾದ ಪಲ್ಲವಿ ತೆಂಗಿನಕಾಯಿ, ಬಾಳೆಗೊನೆ, ಒಣಮೆಣಸು ದಾಟಿ, ಎಲ್ಲೂ ತುಂಡಾಗದೆ ನಮ್ಮ ಜೊತೆಗೇ ಚಾದ ಅಂಗಡಿಗೆ ಬಂತು. ಎದುರು ಸಿಕ್ಕಿದ ಹಮಾಲಿ ಅದೇ ಸಾಲು ಗುನುಗುತ್ತಿದ್ದ.

"ಎಂತ, ಇದನ್ನು ನಿಲ್ಲಿಸಬೇಕಾ?" ಎಂದೆ. ಸಲಹೆಗಾರರು ಚಾ ಊದಿದರು.

ಆದರೂ ನಿಲ್ಲಿಸಬೇಕೆಂದೇ ಬರೆದುಕೊಟ್ಟು ಹೋದರು. ಅದನ್ನು ರೇಡಿಯೊದಲ್ಲಿ ಕೇಳುಗರಿಗೆ ಪೂರ್ತಿ ಓದಿ ಹೇಳಿದೆ. ಸಲಹೆ ಚಿಕ್ಕದಿತ್ತು, ಉಳಿದ ಹೊತ್ತಿಗೆಲ್ಲ ಹಳೆ ಹಾಡು ಹಾಕಿದೆ.