ಹುಳು ಮಲಗಿದಾಗ ನಿಲ್ಲುತ್ತಿದ್ದ ಕಂಪ್ಯೂಟರ್

ನನ್ನ ಮೊಮ್ಮಗಳ ಕೆಲಸ ಖಾಯಂ ಆಯಿತು! ಇದನ್ನು ಮೊದಲು ಹೇಳದಿದ್ದರೆ ನನ್ನ ಕೈ ಮುಂದಕ್ಕೆ ಓಡುವುದೇ ಇಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಅಕ್ಷರ ಸೊಟ್ಟಗಾದರೆ ಆಗಲಿ.

ತೊಂಬತ್ತರ ದಶಕದ ಕೊನೆಯ ಮಾತು. ಅನುಗೊಂಡನಹಳ್ಳಿ ಕಡೆ ಒಂದು ರೇಷ್ಮೆಹುಳು ಸಾಕುವ ಕೇಂದ್ರದಲ್ಲಿ ನಾನು ಸೊಪ್ಪು ಹಾಕುವ ಕೆಲಸಕ್ಕಿದ್ದೆ. ದಿನಾ ಎಷ್ಟು ಸೊಪ್ಪು ಹಾಕಿದೆವು, ಸೆಕೆ ಎಷ್ಟು, ತೇವ ಎಷ್ಟು ಎಂದು ಹಾಳೆಯಲ್ಲಿ ಬರೆಯುವುದೂ ನನ್ನದೇ. ಪಕ್ಕದ ಕೋಣೆಯಲ್ಲಿ ಮೊಮ್ಮಗಳು ಅದನ್ನು ಕಂಪ್ಯೂಟರಿಗೆ ತುಂಬುತ್ತಿದ್ದಳು. ಹೀಗಿದ್ದರೆ ಹೀಗೆ ಮಾಡಿ ಎಂಬ ನಿಯಮಗಳು ಅದರೊಳಗಿದ್ದವು. ಕಿಟಕಿ ತೆರೆಯಬೇಕೋ, ಗೋಣಿ ನೆನೆಸಬೇಕೋ, ಅದೇ ಹೇಳುತ್ತಿತ್ತು. ಒಂದು ಬೆಳೆ ಮುಗಿಯುವವರೆಗೆ ನೋಡಿ, ಆಮೇಲೆ ಅವಳನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂದಿದ್ದರು ಕೇಂದ್ರದ ಮ್ಯಾನೇಜರು.

ಹುಳು ಬೆಳೆಯುವಾಗ ನಾಲ್ಕು ಸಲ ತಿನ್ನುವುದು ಬಿಟ್ಟು, ಪೊರೆ ಕಳಚಲು ಮಲಗುತ್ತವೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಮೊದಲ ಜ್ವರದ ದಿನ ಕಂಪ್ಯೂಟರ್ ನಿಂತುಹೋಯಿತು. ಹುಳು ಎದ್ದ ಮೇಲೆ ತಾನೂ ಎದ್ದಿತು. ಎರಡನೇ ಜ್ವರಕ್ಕೂ ಹಾಗೇ. ಮೂರನೆಯದನ್ನು ನಾನೇ ಕಣ್ಣಾರೆ ಕಂಡೆ. ಮಟಮಟ ಮಧ್ಯಾಹ್ನ. ಸಾವಿರಾರು ಹುಳು ತಲೆ ಎತ್ತಿ ಕಲ್ಲಾಗಿ ನಿಂತಿದ್ದವು. ಪಕ್ಕದ ಕೋಣೆಯ ಟಕಟಕ ಸದ್ದೂ ಆ ಗಳಿಗೆಗೇ ನಿಂತಿತು. ಹೋಗಿ ನೋಡಿದರೆ ಕಪ್ಪು ಪರದೆಯ ಮೇಲೆ ಒಂದೇ ಸಾಲು ಹಸಿರು ಅಕ್ಷರ, ಕೊನೆಯಲ್ಲಿ ಯಾರಿಗೋ ಕಾಯುತ್ತಿರುವಂತೆ ಮಿಟುಕುವ ಒಂದು ಗೆರೆ.

"ಅವಕ್ಕೂ ಇದಕ್ಕೂ ಏನೋ ಐತೆ ಕಣಕ್ಕಾ," ಎಂದಳು ನನ್ನ ಜೊತೆ ಸೊಪ್ಪು ಹೆಚ್ಚುವವಳು. ಕಂಪ್ಯೂಟರ್ ಪೆಟ್ಟಿಗೆಯ ನೆತ್ತಿಗೆ ನಿಂಬೆಹಣ್ಣು ಇಟ್ಟಳು.

ಹಣ್ಣು ಕಂಡು ಮ್ಯಾನೇಜರು ಕೆರಳಿದರು. "ಏನಮ್ಮಾ, ಉಪ್ಪಿನಕಾಯಿ ಹಾಕ್ತಿದ್ದೀರಾ?" ಎಂದವರೇ ಮೊಮ್ಮಗಳ ಕಡೆ ತಿರುಗಿ, "ನಾಲ್ಕನೇ ಜ್ವರಕ್ಕೂ ನಿಂತ್ರೆ ಪೆಟ್ಟಿಗೇನೂ ವಾಪಸ್ಸು, ನೀನೂ ವಾಪಸ್ಸು," ಎಂದರು.

ಮೊಮ್ಮಗಳು ನಿಯಮಗಳನ್ನೆಲ್ಲ ಉದ್ದನೆ ಕಾಗದದ ಮೇಲೆ ಅಚ್ಚು ಹಾಕಿಸಿ ನೆಲದ ಮೇಲೆ ಹರಡಿಕೊಂಡು ಕೂತಳು.

"ಏನಂತೆ ಅದಕ್ಕೆ?" ಎಂದೆ.

"ಸೊಪ್ಪು ಅನ್ನೋ ವೇರಿಯಬಲ್‌ಗೆ ಯಾರೂ ಏನೂ ಕೊಟ್ಟಿಲ್ವಂತೆ ಅಜ್ಜಿ. ಹೆಸರು ಬರೆದಿಟ್ಟಿರೋ ಡಬ್ಬ ಅನ್ಕೋ. ತೆಗೆದು ನೋಡಿದ್ರೆ ಒಳಗೆ ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ ಸೊನ್ನೆ ತಾನೇ?"

"ಸೊನ್ನೆ ಇದ್ರೆ ಅದೂ ಒಂದು ಉತ್ತರ. ಇಲ್ಲಿ ಉತ್ತರಾನೇ ಇಲ್ಲ."

ಅವಳು ಒಂದೊಂದೇ ನಿಯಮದ ಮೇಲೆ ಬೆರಳಾಡಿಸಿದಳು. ಆ ಡಬ್ಬ ತುಂಬುತ್ತಿದ್ದದ್ದು ಒಂದೇ ಕಡೆ, ನಮ್ಮ ಹಾಳೆಯಿಂದ. ಮೂರು ಜ್ವರದ ದಿನಗಳ ಹಾಳೆ ತೆಗೆದಳು. ಮೂರರಲ್ಲೂ ಸೊಪ್ಪಿನ ಅಂಕಿ ಬರೆಯುವ ಮನೆ ಖಾಲಿ.

ಖಾಲಿ ಬಿಟ್ಟವಳು ನಾನೇ! ಹುಳು ಮಲಗಿದ ದಿನ ಅವುಗಳ ಲೆಕ್ಕ ಹಿಡಿಯಬಾರದು, ಗೋಡೆಗೊಂದು ಗೀಟೂ ಎಳೆಯಬಾರದು, ಎಳೆದರೆ ಅವು ಏಳುವುದಿಲ್ಲ ಎಂದು ನಮ್ಮತ್ತೆ ಕಲಿಸಿದ್ದರು.

"ಮಲಗಿರೋವಕ್ಕೆ ಸೊನ್ನೆ ಸುತ್ತೋದಾ? ನನ್ನ ಕೈಲಾಗಲ್ಲ ಕಣೇ," ಎಂದೆ.

"ನೀನು ಬರೀಬೇಡ ಬಿಡಜ್ಜಿ," ಎಂದು ನಕ್ಕಳು. ಎಲ್ಲ ನಿಯಮಗಳ ತಲೆಯ ಮೇಲೆ ಹೊಸದೊಂದು ಕೂರಿಸಿದಳು. ಮೊದಲು ಸೊಪ್ಪಿನ ಡಬ್ಬಕ್ಕೆ ತಾನೇ ಸೊನ್ನೆ ಹಾಕಿಕೊಳ್ಳಬೇಕು, ಹಾಳೆಯಲ್ಲಿ ಅಂಕಿ ಕಂಡರೆ ಮಾತ್ರ ಬದಲಿಸಬೇಕು. ಸೊನ್ನೆಯೇ ಉಳಿದರೆ ಏನು ಮಾಡಬೇಕೆಂದು ಕೆಳಗೆ ಇನ್ನೊಂದು ಬರೆದಳು.

ನಾಲ್ಕನೇ ಜ್ವರ ಬಂತು. ಒಣಗಿದೆಲೆ ಮೇಲೆ ಯಾರೋ ನಡೆದಾಡುವಂತೆ ಕೇಳುತ್ತಿದ್ದ ತಿನ್ನುವ ಸದ್ದು ಮೆಲ್ಲಗೆ ಅಡಗಿತು. ತಟ್ಟೆ ತಟ್ಟೆಯಲ್ಲೂ ತಲೆಗಳು ಎದ್ದವು, ನನ್ನನ್ನೇ ನೋಡುವ ಹಾಗೆ. ನಾನು ಸೊಪ್ಪಿನ ಮನೆ ಖಾಲಿ ಬಿಟ್ಟೇ ಹಾಳೆ ಕೊಟ್ಟೆ. ಪಕ್ಕದ ಕೋಣೆಯಲ್ಲೂ ಸದ್ದಿಲ್ಲ. ನಾನು ಬಾಗಿಲಲ್ಲೇ ನಿಂತಿದ್ದಾಗ ಅಚ್ಚಿನ ಮೆಷಿನ್ನು ಕರಕರ ಎಂದಿತು. ಮ್ಯಾನೇಜರು ಕಾಗದ ಹರಿದುಕೊಂಡು ನಮಗೆ ಕನ್ನಡದಲ್ಲಿ ಓದಿ ಹೇಳಿದರು: "ಹುಳು ಮಲಗಿವೆ. ಸುಣ್ಣ ಉದುರಿಸಿ. ಗಾಳಿ ಬಿಡಿ."

ನಾನು ಬರೆಯದೆ ಬಿಟ್ಟದ್ದನ್ನು ಅದು ಓದಿಬಿಟ್ಟಿತ್ತು!

"ಬೆಳೆ ಮುಗಿಯೋವರೆಗೂ ಕಾಯೋದು ಬೇಡ, ಸಂಜೆ ಖಾಯಂ ಆರ್ಡರ್ ತಗೊಂಡೇ ಹೋಗಮ್ಮಾ," ಎಂದರು ಮ್ಯಾನೇಜರು ಮೊಮ್ಮಗಳಿಗೆ.

ಬೇರೆ ದಿನ ಗಂಡಸರ ಊಟವಾದ ಮೇಲೆ ನಮ್ಮದು. ಅಂದು ಸಂಜೆ ಸೊಸೆ ಮುದ್ದೆ ಪಾತ್ರೆಯನ್ನೇ ನಡುವೆ ತಂದಿಟ್ಟು ತಾನೂ ಕೂತಳು. ನಮ್ಮ ಯಜಮಾನರು, ಮಗ, ಮೊಮ್ಮಗಳು, ನಾನು, ಎಲ್ಲರೂ ಒಟ್ಟಿಗೇ.

"ಇನ್ನೊಂದ್ಸಲ ಓದು ಮಗಾ," ಎಂದರು ಯಜಮಾನರು.

ಅವಳು ಎಡಗೈಯಲ್ಲಿ ಆರ್ಡರ್ ಹಿಡಿದು ಮೂರು ಸಲ ಓದಿದಳು. ಮೂರು ಸಲವೂ ಅವರು ಮತ್ತೊಂದು ಮುದ್ದೆ ಹಾಕಿಸಿಕೊಂಡರು.