ಕಾಕಾಸಾಹೇಬನ ಭುಜದ ಮೇಲಿನ ಕೈ

ಅಂಕಲಿಯ ಕಾಕಾಸಾಹೇಬನಿಗೆ ಕುಂತಲ್ಲಿ ಕೂಡುವ ಸ್ವಭಾವ ಮೊದಲಿನಿಂದಲೂ ಇಲ್ಲ. ಚಹಾ ಕುಡಿಯುವಾಗಲೂ ಒಂದು ಕಾಲು ಕುಣಿಯುತ್ತಿರುತ್ತದೆ. ಇಪ್ಪತ್ತೆರಡು ವರ್ಷದಿಂದ ಬಾಡಿಗೆ ಗಾಡಿ ಹೊಡೆಯುತ್ತಾನೆ. ಮುಂಜಾನೆ ಏಳಕ್ಕೆ ನಮ್ಮೂರಿನ ಬ್ಯಾನಿ ಬಿದ್ದವರನ್ನು ಹತ್ತಿಸಿಕೊಂಡು ಮಿರಜಿನ ದವಾಖಾನೆಗಳಿಗೆ ಬಿಡುವುದು, ಸಂಜೀಮುಂದ ಕರೆದುಕೊಂಡು ಬರುವುದು, ಇಷ್ಟೇ ಅವನ ಬಾಳು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುವ ನನ್ನ ನೆಗೆಣ್ಣಿ ದುಂಡವ್ವ, ಅವಳ ಜೋಡಿ ನಾನು, ಅವನ ಖಾಯಂ ಮಂದಿ.

ಕಿವಿ ಹೋಗುವುದು ಕಣ್ಣು ಹೋದಂಗಲ್ಲ, ಯಾರಿಗೂ ಕಾಣುವುದಿಲ್ಲ. ಮೊದಲು ಅವನು ಹಾಡಿನ ಸಪ್ಪಳ ಏರಿಸಿದ. ಆಮೇಲೆ "ಇಲ್ಲೇ ನಿಂದರಸಪಾ" ಅಂದರೆ ಒಂದು ಹೊಲ ದಾಟಿ ನಿಲ್ಲಿಸತೊಡಗಿದ. ನಾವು ನಕ್ಕೆವು. ಒಂದು ದಿನ ಹಿಂದಿನಿಂದ ಲಾರಿ ಎಷ್ಟು ಒದರಿದರೂ ಅವನು ಬಾಜೂಕ ಸರಿಯಲಿಲ್ಲ. ಅವನ ಹಿಂದೆಯೇ ಕುಂತಿದ್ದ ದುಂಡವ್ವ ಅವನ ಬಲ ಭುಜದ ಮೇಲೆ ಕೈ ಇಟ್ಟಳು. ಕಾಕಾಸಾಹೇಬ ಸರಿದ. ಲಾರಿ ಹೋಯಿತು.

ಅವತ್ತಿನಿಂದ ಅದೇ ರೂಢಿಯಾಯಿತು. ಬಲಗಡೆ ಹಾರ್ನ್ ಬಂದರೆ ಬಲ ಭುಜ, ಎಡಗಡೆ ಬಂದರೆ ಎಡ ಭುಜ, ಆಂಬ್ಯುಲೆನ್ಸ್ ಆದರೆ ಎರಡೂ. ದುಂಡವ್ವ ದಣಿದು ಮಲಗಿದರೆ ನಾನು. ಅದರ ಬಗ್ಗೆ ಯಾರೂ ಬಾಯಿ ಬಿಟ್ಟು ಮಾತಾಡಲಿಲ್ಲ. ಹೊಸಬರೊಬ್ಬರು ಒಮ್ಮೆ, "ಏನಬೇ ಆಯಿ, ಡ್ರೈವರನ ಮ್ಯಾಲ ಭಾಳ ಪ್ರೀತಿ ಕಾಣ್ತೈತಿ?" ಅಂದರು.

"ಪ್ರೀತಿ ಅಲ್ಲಪಾ, ನಿನ್ನ ಜೀವದ ಕಾಳಜಿ" ಅಂದಳು ದುಂಡವ್ವ.

ಉಪಕಾರ ಮಾಡುತ್ತಿದ್ದೇವೆ ಅಂತಲೇ ತಿಳಿದಿದ್ದೆವು ನಾವು.

ಹೋದ ಕಬ್ಬಿನ ಹಂಗಾಮಿನಲ್ಲಿ ಅವನು ನಮ್ಮನ್ನೆಲ್ಲ ಮಿರಜಿನಲ್ಲಿ ಇಳಿಸಿ, ಖಾಲಿ ಗಾಡಿ ತಗೊಂಡು ಊರಿಗೆ ಹೊರಟಿದ್ದ. ಮುಂದೆ ಎರಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರು. ಅದನ್ನು ದಾಟಲು ಬಲಕ್ಕೆ ಎಳೆದ. ಅದೇ ಹೊತ್ತಿಗೆ ಶಿರಗುಪ್ಪಿಯ ಸಂದೇಶ ಅನ್ನುವ ಹಾಲಿನವ, ಕ್ಯಾನು ಕಟ್ಟಿದ ಮೋಟರಸೈಕಲ್ ಮೇಲೆ, ಹಿಂದಿನಿಂದ ಹಾರ್ನ್ ಒತ್ತಿಕೊಂಡೇ ಅವನ ಮಗ್ಗುಲಿಗೆ ಬಂದಿದ್ದ. ಗಾಡಿ ತಾಗಿ ತಗ್ಗಿಗೆ ಬಿದ್ದ. ಜೀವ ಉಳಿಯಿತು, ಬಲಗೈ ಎರಡು ಕಡೆ ಮುರಿಯಿತು. ಎಮ್ಮೆ ಹಿಂಡುವ ಕೈ ಅದು.

ಸಂದೇಶ ಇವನ ಮೇಲೆ ಆರ್‌ಟಿಓ ಆಫೀಸಿಗೆ ಅರ್ಜಿ ಕೊಟ್ಟ. ಇವನ ಹತ್ತಿರ ಲೈಸೆನ್ಸ್ ಇರಬೇಕೋ ಬ್ಯಾಡೋ ನೋಡಲು ಚಿಕ್ಕೋಡಿಯಿಂದ ಸಾಹೇಬರು ಬರುತ್ತಾರೆ, ಗಾಡಿ ಹೊಡೆಸಿ ನೋಡುತ್ತಾರೆ ಅಂತ ಕಾಗದ ಬಂತು. ಆ ದಿನ ಕಾಕಾಸಾಹೇಬ ನಮ್ಮ ಮನೆಗೆ ಮೂರು ಸಲ ಬಂದ. ಮೂರು ಸಲವೂ ಕೂಡಲಿಲ್ಲ.

"ಮಾವಶಿ, ನೀವು ಹಿಂದ ಕುಂಡ್ರಬೇಕ ನೋಡ್ರಿ. ಸಾಹೇಬ್ರು ಮುಂದ ಇರ್ತಾರ, ಹಿಂದ ಏನ್ ನೋಡಂಗಿಲ್ಲ."

"ಕುಂಡ್ರದೇನ ಮಾಡ್ಲಿ? ನಿನ್ನ ಗಾಡಿ ನಿಂತ್ರ ಮಿರಜಿಗೆ ನನ್ನ ಯಾರು ಹೊತಗೊಂಡು ಹೋಗ್ತಾರ?" ಅಂದಳು ದುಂಡವ್ವ. ನನಗೆ ಮಾತ್ರ ಸಂದೇಶನ ಪ್ಲಾಸ್ಟರಿನ ಕೈ ಕಣ್ಣ ಮುಂದಿನಿಂದ ಹೋಗಲೊಲ್ಲದು.

ಸಾಹೇಬರು ಮೆತ್ತಗಿನ ಮನುಷ್ಯ. "ಖಾಯಂ ಪ್ಯಾಸೆಂಜರೇನ್ರಿ? ಹತ್ರಿ, ನಡೀತೈತಿ" ಅಂದರು. ಮಾಂಜರಿ ಕಡೆ ಹೊರಟೆವು. ಕೃಷ್ಣಾ ನದಿ ದಾಟುವ ಪೂಲ್ ಮೇಲೆ ಬಲಗಡೆ ಜೀಪು ಒದರಿತು, ದುಂಡವ್ವನ ಕೈ ಅವನ ಬಲ ಭುಜಕ್ಕೆ ಹೋಯಿತು, ಗಾಡಿ ಚಂದಾಗಿ ಸರಿಯಿತು. ಸಾಹೇಬರು ಏನೋ ಬರೆದುಕೊಂಡರು. ಪೂಲ್ ದಾಟಿದ ಮೇಲೆ ಆಂಬ್ಯುಲೆನ್ಸ್ ಕೂಗುತ್ತ ಬಂತು. ದುಂಡವ್ವ ಎರಡೂ ಕೈ ಇಟ್ಟಳು. ಅದೇ ಗಳಿಗೆಗೆ ಸಾಹೇಬರು ಹಿಂದಕ್ಕೆ ತಿರುಗಿದರು.

"ಏನಿದು ಆಯಿ?"

"ಭುಜಾ ನೋಯ್ತಾವ ಅಂತ ಅಂವ ಅಂದಿದ್ದರಿ. ತಿಕ್ಕಾಕತ್ತೀನಿ."

"ಆಂಬ್ಯುಲೆನ್ಸ್ ಬಂದಾಗಷ್ಟ ನೋಯ್ತಾವೇನು?"

ಇಷ್ಟೆಲ್ಲ ನಡೆದದ್ದು ಕಾಕಾಸಾಹೇಬನಿಗೆ ಗೊತ್ತೇ ಇಲ್ಲ. ಎದೆ ಉಬ್ಬಿಸಿಕೊಂಡು ರಸ್ತೆ ನೋಡುತ್ತ, "ಹೆಂಗೈತ್ರಿ ಸಾಹೇಬ್ರ, ನಮ್ಮ ಹ್ಯಾಂಡಲ್?" ಅಂತ ಕೇಳಿದ.

ಸಾಹೇಬರು ಕೈ ಮಾಡಿ ಗಾಡಿ ನಿಲ್ಲಿಸಿದರು. ನನ್ನ ಮುಖ ನೋಡಿದರು. ಇದ್ದದ್ದನ್ನು ಹೇಳಿಬಿಟ್ಟೆ. ದುಂಡವ್ವ ನನ್ನ ತೊಡೆ ಚಿವುಟಿದಳು.

ಕಿವಿ ಕೇಳೂದಿಲ್ಲೇನು ಅಂತ ಸಾಹೇಬರು ಅವನ ಎಡಗಿವಿಗೆ ಬಾಯಿ ಹಚ್ಚಿ ಕೇಳಿದಾಗ ಕಾಕಾಸಾಹೇಬ ಸಿಟ್ಟಿಗೆದ್ದ. "ಕಣ್ಣು ಹದ್ದಿನಂಗ ಅದಾವ್ರಿ ನನ್ನವು! ಇಪ್ಪತ್ತೆರಡು ವರ್ಷ ಆತು. ಕಿವಿಗೆ ಇವರು ಇರ್ತಾರಲ್ರಿ!"

"ಸಂದೇಶ ಬಿದ್ದ ದಿನಾ ಇವರು ಇದ್ರೇನು?"

ಅವನು ಗೇರ್ ಹಿಡಿದ, ಬಿಟ್ಟ, ಮತ್ತೆ ಹಿಡಿದ.

"ನಾ ಇನ್ನೂ ಏನೂ ತೀರ್ಮಾನ ಬರದಿಲ್ಲ. ನೀವು ಹಿಂದ ಕುಂಡ್ರಿ, ಊರಿಗೆ ನಾ ಹೊಡೀತೀನಿ" ಅಂದರು ಸಾಹೇಬರು.

ತನ್ನ ಗಾಡಿಯ ಹಿಂದಿನ ಸೀಟಿನಲ್ಲಿ ಅವನು ಎಂದೂ ಕುಂತವನಲ್ಲ. ನಮ್ಮಿಬ್ಬರ ನಡುವೆ ಚಡಪಡಿಸಿದ. ಆಮೇಲೆ ಪೂರ್ತಿ ತಿರುಗಿ, ಸೀಟಿನ ಮೇಲೆ ಮೊಳಕಾಲೂರಿ, ಹಿಂದಿನ ಗಾಜಿನಿಂದ ನೋಡತೊಡಗಿದ. ಒಬ್ಬ ಮೋಟರಸೈಕಲ್ಲಿನವನು ಹೆಬ್ಬೆರಳು ಒತ್ತಿ ಹಿಡಿದಿದ್ದ.

"ಈಗ ಹಾರ್ನ್ ಹೊಡದ್ನೇನು ಮಾವಶಿ?"

ದುಂಡವ್ವ ಹೌದೆಂದು ಗೋಣು ಹಾಕಿದಳು.

"ಆ ಟೆಂಪೋದಂವ?"

"ಅಂವನೂ" ಅಂದಳು, ಅವನ ಕಿವಿಗೆ ಬಾಯಿ ಹಚ್ಚಿ.

"ಅಕಿ, ಸ್ಕೂಟಿ ಮ್ಯಾಲಿನ ಹುಡುಗಿ?"

"ಅಕಿನೂ ಹೊಡದ್ಲಪಾ."

ಹಿಂಗೆ ಎಷ್ಟು ಕೇಳಿದನೋ. ಪೂಲ್ ದಾಟಿದ ಮೇಲೆ ಕೇಳುವುದು ಬಿಟ್ಟ, ಬರೀ ನೋಡಿದ. ಒಂದೊಂದು ಗಾಡಿ ಹತ್ತಿರ ಬಂದಾಗಲೂ ಅವನು ಬಾಜೂಕ ಸರಿಯುವುದು ನನ್ನ ತೋಳಿಗೆ ತಾಗುತ್ತಿತ್ತು.

ಮನೆ ಮುಂದೆ ಇಳಿದವನೇ ಕಿಸೆಯಿಂದ ಲೈಸೆನ್ಸ್ ತೆಗೆದು ಸಾಹೇಬರ ಕೈಗಿಟ್ಟ. "ಸಂದೇಶನೂ ಹಿಂಗ ಹಾರ್ನ್ ಒತ್ತಿರಬೇಕ್ರಿ. ಬರಕೋರಿ."

ಸಾಹೇಬರು ಅಲ್ಲೇ ಬರೆದರು: ಕಿವಿ ಡಾಕ್ಟರರ ಕಾಗದ ಬಂದು ಇನ್ನೊಂದು ಸಲ ಪರೀಕ್ಷೆ ಆಗುವವರೆಗೆ ಬಾಡಿಗೆ ಗಾಡಿ ಹೊಡೆಯುವಂತಿಲ್ಲ.

"ಮತ್ತ ಶುಕ್ರವಾರ ಮಿರಜಿಗೆ ನಾ ಹೆಂಗ ಹೋಗ್ಲೋ?" ದುಂಡವ್ವ ಅವನ ತೋಳು ಹಿಡಿದು ಕೇಳಿದಳು.

ಅವನು ಅವಳ ತುಟಿ ನೋಡಿ ತಿಳಿದುಕೊಂಡ. "ಬಸ್ಸಿಗೆ ಹೋಗೂಣು ಮಾವಶಿ. ನಾನೂ ಬರ್ತೀನಿ, ಕಿವಿ ತೋರಸಬೇಕಲ್ಲ."

ಸಾಹೇಬರು ಹೋದ ಮೇಲೂ ಅವನು ಒಳಗೆ ಹೋಗಲಿಲ್ಲ. ಗಾಡಿಯ ಸುತ್ತ ತಿರುಗಿದ, ಕೀಲಿ ಹಾಕಿದ ಒಂದೊಂದೇ ಬಾಗಿಲು ಜಗ್ಗಿ ನೋಡಿದ. ಮತ್ತೆ ಮೊದಲಿನಿಂದ ಜಗ್ಗಿ ನೋಡತೊಡಗಿದ.