ಮಂಡಿನೋವಿಗೆ ತಂದ ಪುಡಿ

ಚನ್ನಗಿರಿಯಲ್ಲಿ ಅಡಿಕೆ ಸುಲಿಯುವ ಹೆಂಗಸರ ಗುಂಪಿನಲ್ಲಿ ಅಖ್ತರ್‌ಬೀ ಇಪ್ಪತ್ತೆರಡು ವರ್ಷ ಕೂತಿದ್ದರು. ಕಾಲಡಿ ಮೆಟ್ಟುಗತ್ತಿ, ಬೆಳಗಿನಿಂದ ಸಂಜೆಯವರೆಗೆ ಒಂದೇ ಕೂರುವಿಕೆ. ಐವತ್ತು ದಾಟುವಾಗ ಮಂಡಿಗಳು ಮಾತು ಕೇಳುವುದನ್ನು ಬಿಟ್ಟವು.

ಗುಂಪಿಗೊಂದು ರೂಢಿಯಿತ್ತು. ತಿಂಗಳಿಗೊಮ್ಮೆ ಯಾರಾದರೊಬ್ಬರು ಸಾಸ್ವೆಹಳ್ಳಿ ಕಡೆ ಹೋಗಿ, ಊರೂರು ತಿರುಗುವ ಔಷಧಿಯವನಿಂದ ಎಲ್ಲರಿಗೂ ಪುಡಿಯ ಪೊಟ್ಟಣ ತರುವುದು. ಪೊಟ್ಟಣದ ಮೇಲೆ ಹೆಸರಿಲ್ಲ. ಬೇರಿನ ಪುಡಿ ಎಂದಷ್ಟೇ ಗೊತ್ತು. ತಿಂದ ದಿನ ನೋವು ಇರುತ್ತಿರಲಿಲ್ಲ. ಅಖ್ತರ್‌ಬೀ ಎರಡು ವರ್ಷ ಬಿಡದೆ ತಿಂದರು.

ಮೊದಲು ಕೆನ್ನೆ ತುಂಬಿತು. ಆಮೇಲೆ ಮುಖವೇ ದುಂಡಗಾಯಿತು.

“ಏನಕ್ಕಾ, ಸೊಸೆ ದಿನಾ ಬಿರಿಯಾನಿ ಹಾಕ್ತಾಳೇನು?” ಪಕ್ಕದಲ್ಲಿ ಕೂರುವ ಅಂಜಮ್ಮ ಕಿಚಾಯಿಸಿದಳು.

“ನಿಂಗೂ ಕಳಿಸ್ತೀನಿ ಬಿಡೇ. ನಿನ್ನ ಸೊಸೆ ಸಾರಿಗೆ ಉಪ್ಪೂ ಹಾಕಲ್ಲಂತಲ್ಲ!”

ಮನೆಯಲ್ಲಿ ಸೊಸೆ ನಿಲೋಫರ್ ಕಂಡದ್ದು ಬೇರೆ. ಅತ್ತೆಯ ಹೊಟ್ಟೆ ಬೆಳೆಯುತ್ತಿತ್ತು, ಕೈಕಾಲು ಕಡ್ಡಿಯಾಗುತ್ತಿದ್ದವು. ಕುತ್ತಿಗೆಯ ಹಿಂದೆ ಮಾಂಸ ಗುಡ್ಡೆಗಟ್ಟಿತ್ತು, ಹೊಟ್ಟೆಯ ಮೇಲೆ ನೇರಳೆ ಗೀರುಗಳು. ಮೊಣಕೈ ಬಾಗಿಲಿಗೆ ತಾಗಿದರೆ ಸಾಕು, ವಾರವಿಡೀ ಕಪ್ಪು ಕಲೆ. ಸಕ್ಕರೆ ಕಾಯಿಲೆ ಬಂತು, ಬಿಪಿ ಬಂತು. ನೆಲದಿಂದ ಏಳಲು ಗೋಡೆ ಬೇಕಾಯಿತು.

ರಂಜಾನ್ ಬಂದಾಗ ಅಖ್ತರ್‌ಬೀ, ಈ ತಿಂಗಳು ಪುಡಿ ಮುಟ್ಟುವುದಿಲ್ಲವೆಂದು ನಿಯತ್ತು ಮಾಡಿದರು. ಮೂರನೆಯ ದಿನ ವಾಂತಿ. ನಾಲ್ಕನೆಯ ದಿನ ಇಫ್ತಾರಿಗೆ ಮುಂಚೆಯೇ ಅಡುಗೆಮನೆಯಲ್ಲಿ ಕುಸಿದರು. ರೋಜಾ ಉಪವಾಸದ ಸುಸ್ತು ಎಂದರು ನೆರೆಯವರು. ನಿಲೋಫರ್ ಆಟೋ ಕರೆಸಿದಳು, ಪೊಟ್ಟಣವನ್ನೂ ಎತ್ತಿಕೊಂಡಳು.

ದಾವಣಗೆರೆಯ ಡಾಕ್ಟರಮ್ಮ ಪರೀಕ್ಷೆಗಳೆಲ್ಲ ಆದ ಮೇಲೆ ಹೇಳಿದರು: “ಪುಡೀಲಿ ಸ್ಟೆರಾಯ್ಡ್ ಬೆರೆಸ್ಯಾರೆ. ಕಿಡ್ನಿ ಮೇಲಿರೋ ಗ್ರಂಥಿ ಕಾರ್ಟಿಸಾಲ್ ಅನ್ನೋ ಹಾರ್ಮೋನ್ ಮಾಡ್ತೈತೆ. ಅಂಥದ್ದನ್ನೇ ಹೊರಗಿಂದ ಸುರಿದ್ರೆ ಮೈ ಹಿಂಗೆ ಊದ್ತೈತೆ. ಕುಶಿಂಗ್ ಸಿಂಡ್ರೋಮ್ ಅಂತೀವಿ. ಕೆಲವರಿಗೆ ಒಳಗೆ ಗಡ್ಡೆಯಾಗಿ ಬರ್ತೈತೆ, ನಿಮಗೆ ಪೊಟ್ಟಣದಿಂದ ಬಂತು. ಗ್ರಂಥಿ ಕೆಲಸ ಮರೆತು ಮಲಗೈತೆ. ಒಮ್ಮೆಲೇ ನಿಲ್ಲಿಸಿದ್ರೆ ಜೀವಕ್ಕೇ ಕುತ್ತು. ನಾನು ಮಾತ್ರೆ ಕೊಡ್ತೀನಿ, ತಿಂಗಳುಗಟ್ಟಲೆ ಚೂರುಚೂರೇ ಇಳಿಸಬೇಕು.”

ವಾರದ ನಂತರ ಅತ್ತೆಯನ್ನು ಮನೆಗೆ ಕರೆತಂದ ದಿನವೇ ನಿಲೋಫರ್ ಸುಲಿಯುವ ಶೆಡ್ಡಿಗೆ ಹೋಗಿ ಕೂಗಾಡಿದಳು. “ವಿಷ ಅದು! ಯಾರೂ ತಿನ್ಬೇಡ್ರಿ!” ಅಷ್ಟೇ ಹೇಳಿ ಬಂದಳು.

ನಾಲ್ಕನೆಯ ದಿನ ಅಂಜಮ್ಮ ನೋಡಲು ಬಂದಳು. ಹೊಸ್ತಿಲಲ್ಲೇ ಕೂತಳು.

“ನಿನ್ನ ಸೊಸೆ ಪುಣ್ಯ ಕಣಕ್ಕಾ. ಅವತ್ತೇ ಎಲ್ಲಾರೂ ಪುಡಿ ಚರಂಡಿಗೆ ಹಾಕಿದ್ವಿ.”

ಅಖ್ತರ್‌ಬೀ ಅವಳ ಮುಖ ನೋಡಿದರು. “ಆಮ್ಯಾಲೆ ಒಂದೂ ತಿಂದಿಲ್ಲ?”

“ಇಲ್ಲ. ಯಾಕೋ ಬೆಳಗ್ಗಿಂದ ನೀರೂ ನಿಲ್ತಾ ಇಲ್ಲ ಹೊಟ್ಯಾಗೆ.”

“ನಿಲೋಫರ್, ಆಟೋ ಕರಿ!”

“ಅಯ್ಯ, ನಂಗೇನಾಗೈತೆ? ದೋಸೆಗೆ ಅಕ್ಕಿ ನೆನೆಹಾಕಿ ಬಂದೀನಿ...”

“ನೆನೀಲಿ. ನಡಿ.”

ಅಖ್ತರ್‌ಬೀ ಗೋಡೆ ಹಿಡಿದು ಎದ್ದರು, ಅಂಜಮ್ಮನ ತಣ್ಣಗಿನ ಕೈಯನ್ನು ತಮ್ಮ ಹೆಗಲಿಗೆ ಹಾಕಿಕೊಂಡರು. ಆಟೋ ಬಂತು. ನಿಲೋಫರ್ ಹತ್ತಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಶೆಡ್ಡಿನ ಕಡೆ ಓಡಿದಳು. ಅಲ್ಲಿ ಇನ್ನೂ ಹದಿನಾಲ್ಕು ಜನರಿದ್ದರು.